ಫಾರ್ಮಸಿ ಪದವಿಗೆ ಹೊರದೇಶದ ಮಾನ್ಯತೆ: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳು ಏನು ನೋಡಬೇಕು, ಯಾವಾಗ ನೋಡಬೇಕು

ಸಿಇಟಿ ಕೌನ್ಸೆಲಿಂಗ್ ಹತ್ತಿರ ಬಂದರೆ ಸಾಕು, ಫಾರ್ಮಸಿ ಸೀಟು ಹುಡುಕುವ ಅಪ್ಪ-ಅಮ್ಮಂದಿರ ಬಾಯಲ್ಲಿ ಒಂದೇ ಪ್ರಶ್ನೆ: "ಈ ಕಾಲೇಜಿಗೆ ಇಂಟರ್‌ನ್ಯಾಷನಲ್ ಮಾನ್ಯತೆ ಇದೆಯಾ ಸರ್? ನಾಳೆ ಮಗಳು ಕೆನಡಾಗೆ ಹೋಗ್ತೀನಿ ಅಂದ್ರೆ ಈ ಸರ್ಟಿಫಿಕೇಟ್ ನಡೆಯುತ್ತಾ?" ಜಗಳೂರಿನಿಂದ ಬಂದವರೂ ಇದನ್ನೇ ಕೇಳುತ್ತಾರೆ, ಹೊಸದುರ್ಗದಿಂದ ಬಂದವರೂ ಇದನ್ನೇ ಕೇಳುತ್ತಾರೆ.

ಎಲ್ಲಾ ದೇಶಗಳಲ್ಲೂ ತಾನಾಗಿಯೇ ನಡೆಯುವ ಫಾರ್ಮಸಿ ಪದವಿ ಎಲ್ಲೂ ಇಲ್ಲ. ಇಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಪ್ರತಿ ದೇಶದಲ್ಲೂ ಫಾರ್ಮಸಿಸ್ಟ್ ಲೈಸೆನ್ಸ್ ಕೊಡುವ ಒಂದು ಸಂಸ್ಥೆ ಇರುತ್ತದೆ. ಅದು ನಿಮ್ಮ ಕಾಲೇಜಿನ ಹೆಸರು ನೋಡುವುದಕ್ಕಿಂತ ಜಾಸ್ತಿ ನಿಮ್ಮ ಒಬ್ಬರ ಕಡತ ನೋಡುತ್ತದೆ. ಎಷ್ಟು ವರ್ಷ ಓದಿದ್ದೀರಿ, ಏನು ಓದಿದ್ದೀರಿ, ನಿಮ್ಮ ದೇಶದಲ್ಲಿ ನೋಂದಣಿ ಆಗಿದೆಯಾ, ಕಾಗದಗಳಲ್ಲಿ ಹೆಸರು ಒಂದೇ ಇದೆಯಾ. ಹಾಗಾಗಿ ಕೆಲಸವನ್ನು ಆ ಕಡೆಯಿಂದ ಶುರು ಮಾಡಬೇಕು. ಮೊದಲು ದೇಶ, ಆಮೇಲೆ ಅಲ್ಲಿಯ ಸಂಸ್ಥೆ ಕೇಳುವ ಷರತ್ತು, ಆಮೇಲೆ ಕೋರ್ಸ್.

ಮೊದಲ ಹೆಜ್ಜೆ: ಬ್ರೋಷರಿನ ಮುದ್ರೆಗಳನ್ನು ಬೇರೆ ಮಾಡಿ ಓದಿ

ಕಾಲೇಜಿನ ಬ್ರೋಷರಿನಲ್ಲಿ ಪಿಸಿಐ, ಎನ್‌ಬಿಎ, ನ್ಯಾಕ್, ಇನ್ನೂ ಏನೇನೋ ಮುದ್ರೆಗಳು ಸಾಲಾಗಿ ಕೂತಿರುತ್ತವೆ. ಎಲ್ಲದರ ತೂಕ ಒಂದೇ ಅಲ್ಲ.

ಪಿಸಿಐ ಅಂದರೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ. ಇದು 1948ರ ಫಾರ್ಮಸಿ ಕಾಯ್ದೆಯಡಿ ನಡೆಯುತ್ತದೆ. ಇದಿಲ್ಲದಿದ್ದರೆ ಉಳಿದದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಕೋರ್ಸ್ ನಡೆಸಲು ಕೊಡುವ ಅನುಮತಿ ಬೇರೆ, ಕಾಯ್ದೆಯ 12ನೇ ಸೆಕ್ಷನ್ ಅಡಿ ಆ ಕೋರ್ಸಿಗೂ ಪರೀಕ್ಷೆಗೂ ಸಿಗುವ ಒಪ್ಪಿಗೆ ಬೇರೆ. ಪಾಸಾದವರಿಗೆ ಫಾರ್ಮಸಿಸ್ಟ್ ಅಂತ ನೋಂದಣಿ ಸಿಗುವುದು ಈ ಎರಡನೆಯದರ ಮೇಲೆ. ಹೊಸ ಕಾಲೇಜು ಆದರೆ ಮೊದಲನೆಯದು ಮಾತ್ರ ಇರಬಹುದು. ಪಿಸಿಐ ತನ್ನ ವೆಬ್‌ಸೈಟಿನಲ್ಲಿ ಕಾಲೇಜು, ಕೋರ್ಸ್, ಸೀಟು, ವರ್ಷ ಎಲ್ಲವನ್ನೂ ಪಟ್ಟಿ ಮಾಡಿ ಹಾಕುತ್ತದೆ. ಫೀಸು ಕಟ್ಟುವ ಮೊದಲು ಆ ಪಟ್ಟಿಯಲ್ಲಿ ನಿಮ್ಮ ಕಾಲೇಜನ್ನು ಹುಡುಕಿ, ಆ ಪುಟವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಕಾಲೇಜಿನ ಒಂದು ಕೋರ್ಸಿಗೆ ಒಪ್ಪಿಗೆ ಇದ್ದ ಮಾತ್ರಕ್ಕೆ ಇನ್ನೊಂದು ಕೋರ್ಸಿಗೂ ಇದೆ ಅಂದುಕೊಳ್ಳಬೇಡಿ. ಬಿ.ಫಾರ್ಮಗೆ ಬೇರೆ ಸಾಲು, ಫಾರ್ಮ್.ಡಿಗೆ ಬೇರೆ ಸಾಲು ನೋಡಬೇಕು.

ನಮ್ಮ ಕಡೆ ಇದು ಅಷ್ಟು ಕಷ್ಟದ ಕೆಲಸ ಅಲ್ಲ. ದಾವಣಗೆರೆಯ ಬಾಪೂಜಿ ಫಾರ್ಮಸಿ ಕಾಲೇಜು, ಚಿತ್ರದುರ್ಗದ ಎಸ್‌ಜೆಎಂ ಫಾರ್ಮಸಿ ಕಾಲೇಜು ಹಳೆಯವು, ಹೆಸರಿರುವಂಥವು. ಡಿಗ್ರಿ ಕೊಡುವುದು ಬೆಂಗಳೂರಿನ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಹೊರದೇಶದ ಸಂಸ್ಥೆಗಳು ಪದವಿಯನ್ನು ಈ ವಿಶ್ವವಿದ್ಯಾಲಯದ ಹೆಸರಿನಲ್ಲೇ ಪರಿಶೀಲಿಸುತ್ತವೆ. ಕಾಲೇಜು ಚಿಕ್ಕ ಊರಿನಲ್ಲಿದೆ ಅನ್ನುವ ಅಳುಕು ಬೇಡ.

ಎನ್‌ಬಿಎ, ನ್ಯಾಕ್ ಎರಡೂ ಗುಣಮಟ್ಟದ ಮುದ್ರೆಗಳು. ಇದ್ದರೆ ಒಳ್ಳೆಯದೇ. ಆದರೆ "ಎನ್‌ಬಿಎ ಇದೆ, ಹಾಗಾಗಿ ವಾಷಿಂಗ್ಟನ್ ಒಪ್ಪಂದದಲ್ಲಿ ನಮ್ಮ ಫಾರ್ಮಸಿ ಡಿಗ್ರಿ ಎಲ್ಲಾ ಕಡೆ ನಡೆಯುತ್ತೆ" ಅಂತ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ವಾಷಿಂಗ್ಟನ್ ಒಪ್ಪಂದ ಎಂಜಿನಿಯರಿಂಗ್ ಪದವಿಗಳಿಗೆ ಸೇರಿದ್ದು. ಭಾರತ ಅದರಲ್ಲಿ 2014ರಿಂದ ಕಾಯಂ ಸದಸ್ಯ. ಫಾರ್ಮಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗೆಯೇ ಡಬ್ಲ್ಯೂಎಚ್‌ಒ ಯಾವ ಫಾರ್ಮಸಿ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ. ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟ, ಅಂದರೆ ಎಫ್‌ಐಪಿ, 1912ರಿಂದ ಇದೆ. ಗುಣಮಟ್ಟದ ಬಗ್ಗೆ ಮಾರ್ಗಸೂಚಿ ಬರೆಯುತ್ತದೆ. ಕಾಲೇಜುಗಳಿಗೆ ಮುದ್ರೆ ಹಾಕುವ ಕೆಲಸ ಅದರದ್ದಲ್ಲ.

ಇನ್ನುಳಿದದ್ದು ನಿಜವಾದ ಹೊರದೇಶದ ಮುದ್ರೆಗಳು. ಅಮೆರಿಕದ ಎಸಿಪಿಇ 1932ರಿಂದ ಅಲ್ಲಿಯ ಫಾರ್ಮಸಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುತ್ತಿದೆ. ಬೇರೆ ದೇಶದ ಕಾಲೇಜುಗಳಿಗೂ ಅದು ಒಂದು ಪ್ರಮಾಣಪತ್ರ ಕೊಡುತ್ತದೆ, ಆದರೆ ಅದು ಅಲ್ಲಿಯ ಕಾಲೇಜುಗಳಿಗೆ ಕೊಡುವ ಮಾನ್ಯತೆಗೆ ಸಮ ಅಲ್ಲ. ಆ ಪ್ರಮಾಣಪತ್ರ ಇರುವ ಕಾಲೇಜಿನಲ್ಲಿ ಓದಿದ್ದೀರಿ ಅಂದ ಮಾತ್ರಕ್ಕೆ ಅಮೆರಿಕದ ಲೈಸೆನ್ಸ್ ದಾರಿ ಒಂದು ಮೆಟ್ಟಿಲೂ ಕಡಿಮೆ ಆಗುವುದಿಲ್ಲ. ಕೆನಡಾದ ಸಿಸಿಎಪಿಪಿ ಕೂಡ ಹೊರಗಿನ ಕೆಲವು ಕೋರ್ಸ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಟ್ಟಿದೆ, ಕತಾರ್ ವಿಶ್ವವಿದ್ಯಾಲಯದ ಫಾರ್ಮಸಿ ಕಾಲೇಜು ಅದಕ್ಕೆ ಉದಾಹರಣೆ. ಈ ಎರಡೂ ಸಂಸ್ಥೆಗಳು ತಮ್ಮ ಪಟ್ಟಿಯನ್ನು ತಾವೇ ಹಾಕುತ್ತವೆ. ಬ್ರೋಷರ್ ನಂಬುವ ಬದಲು ಆ ಪಟ್ಟಿ ತೆರೆದು ನೋಡಿ.

ಎರಡನೆಯ ಹೆಜ್ಜೆ: ದೇಶ ಯಾವುದು ಅಂತ ಮೊದಲೇ ಮಾತಾಡಿಕೊಳ್ಳಿ

ಇದನ್ನು ಪಿಯುಸಿ ಮುಗಿದಾಗಲೇ ಮಾಡಬೇಕು. ಯಾಕೆ ಅಂದರೆ ಅಮೆರಿಕದ ವಿಷಯದಲ್ಲಿ ಒಂದೇ ಒಂದು ನಿಯಮ ಎಷ್ಟೋ ಮಕ್ಕಳ ಕನಸಿಗೆ ಅಡ್ಡ ನಿಂತಿದೆ.

ಅಮೆರಿಕದಲ್ಲಿ ಹೊರದೇಶದ ಫಾರ್ಮಸಿ ಪದವೀಧರರ ಕಡತ ನೋಡುವುದು ಎನ್‌ಎಬಿಪಿ. 2003ರ ಜನವರಿ 1ರಂದು ಅಥವಾ ಆಮೇಲೆ ಪದವಿ ಮುಗಿಸಿದವರ ಮೂಲ ಫಾರ್ಮಸಿ ಕೋರ್ಸ್ ಕನಿಷ್ಠ ಐದು ವರ್ಷದ್ದಾಗಿರಬೇಕು ಅಂತ ಅದರ ನಿಯಮ. ನಮ್ಮ ಬಿ.ಫಾರ್ಮ ನಾಲ್ಕು ವರ್ಷದ್ದು. ಅದರ ಮೇಲೆ ಎರಡು ವರ್ಷದ ಎಂ.ಫಾರ್ಮ ಮಾಡಿದರೆ ಒಟ್ಟು ಆರು ಆಯಿತಲ್ಲ ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಅಲ್ಲಿ ನಡೆಯುವುದಿಲ್ಲ, ನೋಡುವುದು ಮೊದಲ ಫಾರ್ಮಸಿ ಪದವಿಯನ್ನು. ಫಾರ್ಮ್.ಡಿ ಆದರೆ ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಆರು. ಅದಕ್ಕೆ ದಾರಿ ತೆರೆದಿದೆ. ಹಾಗಂತ ಇಲ್ಲಿಯ ಫಾರ್ಮ್.ಡಿಯನ್ನು ಅಲ್ಲಿಯ ಫಾರ್ಮ್.ಡಿ ಅಂತ ಒಪ್ಪಿಕೊಂಡುಬಿಡುವುದಿಲ್ಲ. ದಾಖಲೆ ಪರಿಶೀಲನೆ, ಎಫ್‌ಪಿಜಿಇಇ ಪರೀಕ್ಷೆ, ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮುಗಿಸಬೇಕು. ಆಮೇಲೆ ಆಯಾ ರಾಜ್ಯದ ಬೋರ್ಡ್ ಹೇಳಿದಷ್ಟು ಗಂಟೆ ಇಂಟರ್ನ್ ಆಗಿ ದುಡಿದು, ನ್ಯಾಪ್ಲೆಕ್ಸ್ ಪರೀಕ್ಷೆಯನ್ನೂ ಕಾನೂನಿನ ಪರೀಕ್ಷೆಯನ್ನೂ ಪಾಸು ಮಾಡಬೇಕು. ಮನೆಯಲ್ಲಿ ಅಮೆರಿಕವೇ ಗುರಿ, ಅದೂ ಮೆಡಿಕಲ್ ಸ್ಟೋರಲ್ಲೋ ಆಸ್ಪತ್ರೆಯಲ್ಲೋ ಫಾರ್ಮಸಿಸ್ಟ್ ಆಗಿಯೇ ಅನ್ನುವುದು ಗಟ್ಟಿ ಇದ್ದರೆ, ಬಿ.ಫಾರ್ಮ ಸೀಟು ತೆಗೆದುಕೊಳ್ಳುವ ಮೊದಲು ಫಾರ್ಮ್.ಡಿ ಬಗ್ಗೆ ಯೋಚಿಸಿ.

ಅದೇ ಬಿ.ಫಾರ್ಮ ಮುಗಿಸಿ ಅಮೆರಿಕದಲ್ಲಿ ಎಂಎಸ್ ಮಾಡಿ ಔಷಧ ಕಂಪನಿಯ ಲ್ಯಾಬಿಗೋ ರೆಗ್ಯುಲೇಟರಿ ವಿಭಾಗಕ್ಕೋ ಸೇರುವುದಾದರೆ ಈ ಲೈಸೆನ್ಸ್ ಬೇಕಾಗಿಲ್ಲ. ಎಷ್ಟೋ ಜನ ಹೋಗುವುದು ಈ ದಾರಿಯಲ್ಲೇ. ಎರಡನ್ನೂ ಕಲಸಿಕೊಳ್ಳಬೇಡಿ.

ಕೆನಡಾ ಬಿ.ಫಾರ್ಮದವರಿಗೆ ತೆರೆದ ದಾರಿ. ಮೊದಲು ಫಾರ್ಮಸಿಸ್ಟ್ಸ್ ಗೇಟ್‌ವೇ ಕೆನಡಾ ಅನ್ನುವ ಅವರ ಪೋರ್ಟಲಿನಲ್ಲಿ ಹೆಸರು ಹಚ್ಚಿ ಒಂದು ರಾಷ್ಟ್ರೀಯ ಗುರುತಿನ ಸಂಖ್ಯೆ ಪಡೆಯಬೇಕು. ಆಮೇಲೆ ಪಿಇಬಿಸಿ ಅನ್ನುವ ಅಲ್ಲಿಯ ಫಾರ್ಮಸಿ ಪರೀಕ್ಷಾ ಮಂಡಳಿ ನಿಮ್ಮ ದಾಖಲೆ ನೋಡುತ್ತದೆ. ಅದು ಒಪ್ಪಿದರೆ ಇವ್ಯಾಲ್ಯುಯೇಟಿಂಗ್ ಪರೀಕ್ಷೆ, ಅದಾದ ಮೇಲೆ ಕ್ವಾಲಿಫೈಯಿಂಗ್ ಪರೀಕ್ಷೆಯ ಎರಡು ಭಾಗ. ಕೊನೆಗೆ ನೀವು ಇರುವ ಪ್ರಾಂತ್ಯದ ಫಾರ್ಮಸಿ ಸಂಸ್ಥೆಯ ತರಬೇತಿ, ಕಾನೂನಿನ ಪರೀಕ್ಷೆ.

ಆ ಎರಡನೆಯ ಭಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಓಸ್ಕಿ ಅಂತಾರೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತೀರಿ. ಒಳಗೆ ರೋಗಿಯ ಪಾತ್ರ ಮಾಡುವವರು ಕೂತಿರುತ್ತಾರೆ. ಕೈಯಲ್ಲಿ ಪ್ರಿಸ್ಕ್ರಿಪ್ಷನ್, ಮುಖದಲ್ಲಿ ಗಾಬರಿ. ಕೆಲವೇ ನಿಮಿಷದಲ್ಲಿ ಅವರ ತೊಂದರೆ ಕೇಳಿ, ಬೇರೆ ಮಾತ್ರೆ ಏನು ತಗೋತಿದ್ದಾರೆ ಅಂತ ತಿಳಿದು, ಔಷಧ ಹೇಗೆ ತಗೋಬೇಕು ಅಂತ ಅರ್ಥವಾಗುವ ಹಾಗೆ ಹೇಳಬೇಕು. ನಮ್ಮ ಮಕ್ಕಳು ಥಿಯರಿಯಲ್ಲಿ ಹಿಂದೆ ಬೀಳುವುದಿಲ್ಲ, ತಡವರಿಸುವುದು ಇಲ್ಲಿ. ಅದಕ್ಕೆ ಮದ್ದು ಕಾಲೇಜಿನಲ್ಲೇ ಇದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ಕಡೆ ವಾರ್ಡಿಗೆ ಹೋಗುವ ಅವಕಾಶ ಸಿಕ್ಕರೆ ಸುಮ್ನೆ ಕೇಸ್ ಶೀಟ್ ನಕಲು ಮಾಡಿಕೊಂಡು ಬರಬೇಡಿ. ಹರಪನಹಳ್ಳಿ ಕಡೆಯ ಅಜ್ಜಿಗೆ ಇನ್‌ಹೇಲರ್ ಹೇಗೆ ಎಳೆಯಬೇಕು ಅಂತ ಕನ್ನಡದಲ್ಲಿ ಹೇಳಿ, ಅವರ ಕೈಯಲ್ಲೇ ಮಾಡಿಸಿ ನೋಡಿ. "ಅಜ್ಜಿ, ಈಗ ನೀವು ನನಗೆ ಹೇಳಿಕೊಡಿ ನೋಡೋಣ" ಅಂತ ಕೇಳಿ. ಆಮೇಲೆ ಅದನ್ನೇ ಗೆಳೆಯರ ಮುಂದೆ ಇಂಗ್ಲಿಷಿನಲ್ಲಿ ಹೇಳಿ. ಓಸ್ಕಿಯಲ್ಲಿ ಕೇಳುವುದೂ ಇದನ್ನೇ.

ಇನ್ನೊಂದು ಮಾತು. ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಕೆನಡಾದಲ್ಲಿ ನೆಲೆಸಲು ಹಾಕುವ ಅರ್ಜಿಗೆ ಪದವಿಯ ಮೌಲ್ಯಮಾಪನ ಬೇಕು ಅಂದಾಗ ಏಜೆಂಟರು ಎಲ್ಲರಿಗೂ ಡಬ್ಲ್ಯೂಇಎಸ್ ಅನ್ನುವ ಸಂಸ್ಥೆಯಿಂದ ಮಾಡಿಸಿಬಿಡುತ್ತಾರೆ. ಫಾರ್ಮಸಿಸ್ಟ್ ಉದ್ಯೋಗದ ಹೆಸರಿನಲ್ಲಿ ಅರ್ಜಿ ಹಾಕುವವರಿಗೆ ಆ ವರದಿ ಪಿಇಬಿಸಿಯಿಂದಲೇ ಬರಬೇಕು. ಡಬ್ಲ್ಯೂಇಎಸ್‌ಗೆ ಕಟ್ಟಿದ ದುಡ್ಡು ಅಲ್ಲಿಗೆ ದಂಡ.

ಬ್ರಿಟನ್ನಿನಲ್ಲಿ ನೋಡಿಕೊಳ್ಳುವುದು ಜಿಪಿಎಚ್‌ಸಿ. ಅಲ್ಲಿಯ ಮಕ್ಕಳು ಎಂಫಾರ್ಮ್ ಅನ್ನುವ ಮೂಲ ಪದವಿ ಓದುತ್ತಾರೆ, ಅದು ನಮ್ಮ ಎಂ.ಫಾರ್ಮ ಅಲ್ಲ. ನಮ್ಮವರು ಓಸ್‌ಪ್ಯಾಪ್ ಅನ್ನುವ ಒಂದು ವರ್ಷದ ಕೋರ್ಸನ್ನು ಅಲ್ಲಿಗೇ ಹೋಗಿ ಮಾಡಬೇಕು. ಆಮೇಲೆ 52 ವಾರದ ಫೌಂಡೇಶನ್ ತರಬೇತಿ, ಅದಾದ ಮೇಲೆ ನೋಂದಣಿ ಪರೀಕ್ಷೆ. ಆ ಪರೀಕ್ಷೆಗೆ ಮೂರೇ ಅವಕಾಶ. ವರ್ಷದ ಫೀಸು, ವೀಸಾ, ಊಟ, ಬಾಡಿಗೆ ಎಲ್ಲವನ್ನೂ ಮೊದಲೇ ಕೂಡಿಸಿ ನೋಡಿ. ಸಾಲ ಎತ್ತುವ ಮನೆಯಾದರೆ ತರಬೇತಿಯ ಜಾಗ ಸಿಗುವುದು ತಡವಾದರೆ ಏನು ಮಾಡುವುದು ಅಂತಲೂ ಮಾತಾಡಿಕೊಳ್ಳಿ.

ಆಸ್ಟ್ರೇಲಿಯಾಕ್ಕೆ ಆಸ್ಟ್ರೇಲಿಯನ್ ಫಾರ್ಮಸಿ ಕೌನ್ಸಿಲ್ ಮೊದಲು ದಾಖಲೆ ನೋಡುತ್ತದೆ. ಹಿಂದೆ ಕ್ಯಾಪ್ಸ್ ಅಂತ ಪರೀಕ್ಷೆ ಇತ್ತು. 2025ರಿಂದ ಅದರ ಜಾಗಕ್ಕೆ ಓಪ್ರಾ ಬಂದಿದೆ. ಹಳೆಯ ಕ್ಯಾಪ್ಸ್ ಪುಸ್ತಕ, ಕೋಚಿಂಗ್ ನೋಟ್ಸ್ ಇನ್ನೂ ಮಾರಾಟಕ್ಕಿವೆ, ಕೊಳ್ಳುವಾಗ ಹುಷಾರು. ಅದಾದ ಮೇಲೆ ತಾತ್ಕಾಲಿಕ ನೋಂದಣಿ, 1,575 ಗಂಟೆ ಇಂಟರ್ನ್ ಕೆಲಸ, ಲಿಖಿತ ಮತ್ತು ಮೌಖಿಕ ಪರೀಕ್ಷೆ.

ಗಲ್ಫ್ ಬೇರೆ ಲೋಕ. ದುಬೈಗೆ ಡಿಎಚ್‌ಎ, ಅಬುಧಾಬಿಗೆ ಡಿಒಎಚ್, ಸೌದಿಗೆ ಎಸ್‌ಸಿಎಫ್‌ಎಚ್‌ಎಸ್, ಹೀಗೆ ಒಂದೊಂದು ಕಡೆ ಒಂದೊಂದು ಕಚೇರಿ. ಓದಿದ ವರ್ಷದ ಜೊತೆಗೆ ಅವರು ನೋಡುವುದು ಎರಡು: ಅನುಭವ, ಮತ್ತು ದಾಖಲೆಯ ಮೂಲ ಪರಿಶೀಲನೆ. ಎರಡನೆಯದನ್ನು ಡೇಟಾಫ್ಲೋ ಅನ್ನುವ ಸಂಸ್ಥೆ ಮಾಡುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬರೀ ಡಿ.ಫಾರ್ಮ ಇಟ್ಟುಕೊಂಡು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಫಾರ್ಮಸಿಸ್ಟ್ ಆಗಲು ಆಗುವುದಿಲ್ಲ. ಡಿ.ಫಾರ್ಮ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಫಾರ್ಮ ಎರಡನೇ ವರ್ಷಕ್ಕೆ ಸೇರಿದವರು ಡಿಪ್ಲೊಮಾದ ಮಾರ್ಕ್ಸ್ ಕಾರ್ಡ್, ಸಿಲಬಸ್ ಎಲ್ಲವನ್ನೂ ಜೋಪಾನ ಮಾಡಿ. ಕಡತದಲ್ಲಿ ಬಿ.ಫಾರ್ಮ ಮೂರೇ ವರ್ಷ ಅಂತ ಕಂಡರೆ ಉಳಿದ ವರ್ಷದ ಲೆಕ್ಕ ಕೊಡುವುದು ಆ ಕಾಗದಗಳೇ.

ಮೂರನೆಯ ಹೆಜ್ಜೆ: ಹೆಸರು ಸರಿ ಮಾಡಿಸಿ

ಕೇಳಲು ಸಣ್ಣದು. ಆದರೆ ನಮ್ಮ ಕಡೆಯ ಕಡತಗಳು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಒಬ್ಬ ಹುಡುಗನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಶಿವಕುಮಾರ ಕೆ. ಬಿ." ಅಂತ ಇದೆ ಅಂದುಕೊಳ್ಳಿ. ಕೆ ಅಂದರೆ ಊರು, ಬಿ ಅಂದರೆ ಅಪ್ಪನ ಹೆಸರು. ಪಿಯುಸಿಯಲ್ಲಿ "ಕೆ. ಬಿ. ಶಿವಕುಮಾರ್". ಆಧಾರ್‌ನಲ್ಲಿ ಬರೀ "ಶಿವಕುಮಾರ". ಪಾಸ್‌ಪೋರ್ಟ್ ಮಾಡಿಸುವಾಗ ಕೊಟ್ಟ ಹೆಸರು ಒಂದು ಕಡೆ, ಸರ್‌ನೇಮ್ ಇನ್ನೊಂದು ಕಡೆ ಕೇಳುತ್ತಾರೆ, ಅಲ್ಲಿ ಇನಿಷಿಯಲ್ ಬಿಡಿಸಿ "ಬಸಪ್ಪ" ಅಂತ ಸೇರಿಸಿದ. ಡಿಗ್ರಿಯಲ್ಲಿ ಮತ್ತೆ ಎಸ್‌ಎಸ್‌ಎಲ್‌ಸಿ ಪ್ರಕಾರ. ಊರಲ್ಲಿ ಎಲ್ಲರಿಗೂ ಗೊತ್ತು ಇವನು ಒಬ್ಬನೇ ಅಂತ. ಟೊರಾಂಟೊದಲ್ಲಿ ಕೂತ ಗುಮಾಸ್ತರಿಗೆ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಇದು ನಾಲ್ಕು ಜನ.

ಆದ್ದರಿಂದ ಮೊದಲ ವರ್ಷದಲ್ಲೇ ಒಂದು ಹಾಳೆ ತೆಗೆದುಕೊಂಡು ಪ್ರತಿ ದಾಖಲೆಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಸ್ಪೆಲಿಂಗ್ ಸಮೇತ, ಕೆಳಕೆಳಗೆ ಬರೆಯಿರಿ. ಅಪ್ಪ-ಅಮ್ಮನ ಹೆಸರು, ಹುಟ್ಟಿದ ದಿನ ಕೂಡ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ತಪ್ಪಿದ್ದರೆ ಕಾನ್ವೊಕೇಶನ್ ಸರ್ಟಿಫಿಕೇಟ್ ಅಚ್ಚಾಗುವ ಮೊದಲು ಕಾಲೇಜಿನ ಆಫೀಸಿನ ಮೂಲಕ ಅರ್ಜಿ ಕೊಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅಂದರೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಆದಷ್ಟು ಹತ್ತಿರದ ಹೆಸರಿನಲ್ಲೇ ಮಾಡಿಸಿ. ಆಗಲೇ ಬೇರೆ ಬೇರೆ ಆಗಿದ್ದರೆ ಎಲ್ಲ ಹೆಸರೂ ಒಬ್ಬರದ್ದೇ ಅಂತ ನೋಟರಿ ಅಫಿಡವಿಟ್ ಬೇಕಾಗುತ್ತದೆ, ಕೆಲವು ಕಡೆ ಗೆಜೆಟ್ ಪ್ರಕಟಣೆಯನ್ನೂ ಕೇಳುತ್ತಾರೆ. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ಯೋಚನೆ ಇರುವ ಹೆಣ್ಣುಮಕ್ಕಳು ಹೊರದೇಶದ ಕಡತ ಪೂರ್ತಿ ಆಗುವ ತನಕ ಕಾಯುವುದು ವಾಸಿ.

ನಾಲ್ಕನೆಯ ಹೆಜ್ಜೆ: ಓದುವಾಗಲೇ ಎತ್ತಿಡಬೇಕಾದ್ದು

ಪ್ರತಿ ವರ್ಷದ ಮುದ್ರಿತ ಸಿಲಬಸ್ ಇಟ್ಟುಕೊಳ್ಳಿ. ಯಾವ ವಿಷಯ, ಥಿಯರಿ ಎಷ್ಟು ಗಂಟೆ, ಪ್ರಾಕ್ಟಿಕಲ್ ಎಷ್ಟು ಗಂಟೆ ಅನ್ನುವುದನ್ನೇ ಅವರು ಕೇಳುವುದು. ಬಿ.ಫಾರ್ಮ ಈಗ ಸೆಮಿಸ್ಟರ್ ಪದ್ಧತಿಯದು, ಡಿಗ್ರಿಗೆ ಕನಿಷ್ಠ 208 ಕ್ರೆಡಿಟ್ ಬೇಕು. ಹತ್ತು ವರ್ಷದ ನಂತರ ಸಿಲಬಸ್ ಬದಲಾದ ಮೇಲೆ ನಿಮ್ಮ ಬ್ಯಾಚಿನದ್ದು ಹುಡುಕಿಸುವುದು ದೊಡ್ಡ ತಲೆನೋವು. ಫಾರ್ಮ್.ಡಿಯವರು ಇಂಟರ್ನ್‌ಶಿಪ್ಪಿನ ಲಾಗ್ ಬುಕ್ಕಿಗೆ ಆಸ್ಪತ್ರೆಯ ಸಹಿ, ಮುದ್ರೆ, ತಾರೀಖು ಆಗಿಂದಾಗ್ಗೆ ಹಾಕಿಸಿಕೊಳ್ಳಿ. ಕೊನೆಗೆ ಒಟ್ಟಿಗೆ ಹಾಕಿಸೋಣ ಅಂದರೆ ಆ ಡಾಕ್ಟರು ಆಗಲೇ ವರ್ಗ ಆಗಿ ಹೋಗಿರುತ್ತಾರೆ.

ಐದನೆಯ ಹೆಜ್ಜೆ: ನೋಂದಣಿ ಮತ್ತು ಅನುಭವ

ಪಾಸಾದ ಕೂಡಲೇ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ. "ಹೊರದೇಶಕ್ಕೆ ಹೋಗುವವನಿಗೆ ಇದ್ಯಾಕೆ" ಅನ್ನಬೇಡಿ. ನಿಮ್ಮ ದೇಶದಲ್ಲೇ ನೀವು ಫಾರ್ಮಸಿಸ್ಟ್ ಅಲ್ಲ ಅಂದರೆ ಬೇರೆಯವರು ಯಾಕೆ ಒಪ್ಪಬೇಕು ಅಲ್ವಾ? ಅರ್ಜಿಯ ಜೊತೆ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ನಿಮ್ಮ ಮೇಲೆ ಶಿಸ್ತಿನ ಕ್ರಮ ಏನೂ ಇಲ್ಲ ಅನ್ನುವ ಪತ್ರ ಅದು.

ಈಗ ಎಲ್ಲರಿಗೂ ಗೊತ್ತಿದ್ದೂ ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ. ನೋಂದಣಿ ಸರ್ಟಿಫಿಕೇಟನ್ನು ಮೆಡಿಕಲ್ ಶಾಪಿಗೆ ಬಾಡಿಗೆಗೆ ಕೊಡುವುದು. ಅಂಗಡಿಯ ಲೈಸೆನ್ಸಿನಲ್ಲಿ ನಿಮ್ಮ ಹೆಸರು, ಕೌಂಟರಿನಲ್ಲಿ ಬೇರೆ ಯಾರೋ ಹುಡುಗ, ತಿಂಗಳಿಗೆ ಇಷ್ಟು ಅಂತ ದುಡ್ಡು. ದಯವಿಟ್ಟು ಮಾಡಬೇಡಿ. ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿ ನೋಡಿ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟೇ. ತಪ್ಪು ಔಷಧ ಹೋಗಿ ಒಂದು ಜೀವಕ್ಕೆ ತೊಂದರೆ ಆದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ. ಹೊರದೇಶದ ದಾರಿಗೂ ಅದು ಮುಳ್ಳು. ಅದೇ ಎರಡು ವರ್ಷ ನೀವು ಎಂ.ಫಾರ್ಮ ಓದುತ್ತಿದ್ದಿರಿ ಅಂತ ಒಂದು ಕಾಗದ, ಚಳ್ಳಕೆರೆಯ ಅಂಗಡಿಯಲ್ಲಿ ಪೂರ್ಣಾವಧಿ ಕೆಲಸದಲ್ಲಿದ್ದಿರಿ ಅಂತ ಇನ್ನೊಂದು ಕಾಗದ ಸಿಕ್ಕಿದರೆ ಪರಿಶೀಲನೆ ಮಾಡುವವರು ಎರಡನ್ನೂ ನಂಬುವುದಿಲ್ಲ.

ಡೇಟಾಫ್ಲೋ ನಿಮ್ಮ ಕೈಯಲ್ಲಿರುವ ಪತ್ರವನ್ನು ನಂಬಿ ಕೂರುವುದಿಲ್ಲ. ವಿಶ್ವವಿದ್ಯಾಲಯ, ಕೌನ್ಸಿಲ್, ಕೆಲಸ ಕೊಟ್ಟವರು, ಮೂವರನ್ನೂ ತಾನೇ ಸಂಪರ್ಕಿಸಿ ಕೇಳುತ್ತದೆ. ಹಾಗಾಗಿ ನಿಜವಾಗಿ ಕೆಲಸ ಮಾಡಿದವರೂ ಅನುಭವ ಪತ್ರವನ್ನು ಗಟ್ಟಿಯಾಗಿ ಮಾಡಿಸಿಕೊಳ್ಳಬೇಕು. ಅಂಗಡಿಯ ಲೆಟರ್‌ಹೆಡ್, ಡ್ರಗ್ ಲೈಸೆನ್ಸ್ ನಂಬರ್, ಸೇರಿದ ಮತ್ತು ಬಿಟ್ಟ ತಾರೀಖು, ಹುದ್ದೆಯ ಹೆಸರು, ಮಾಲೀಕರ ಸಹಿ, ನಡೆಯುವ ಫೋನ್ ನಂಬರ್ ಮತ್ತು ಇಮೇಲ್. ಮಾಲೀಕರಿಗೆ ಮೊದಲೇ ಹೇಳಿಡಿ: "ಅಣ್ಣಾ, ಹೊರಗಿನಿಂದ ಒಂದು ಮೇಲ್ ಬರುತ್ತೆ, ಸ್ಪ್ಯಾಮ್ ಅಂತ ಬಿಡಬೇಡಿ, ಉತ್ತರ ಕೊಡಿ." ಸಂಬಳ ಬ್ಯಾಂಕ್ ಖಾತೆಗೆ ಬರುವಂತೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಆರನೆಯ ಹೆಜ್ಜೆ: ಟ್ರಾನ್ಸ್‌ಕ್ರಿಪ್ಟ್, ಅಪೊಸ್ಟಿಲ್

ಟ್ರಾನ್ಸ್‌ಕ್ರಿಪ್ಟ್ ಅಂದರೆ ಎಲ್ಲಾ ವರ್ಷದ ಅಂಕಗಳನ್ನು ಒಟ್ಟಿಗೆ ತೋರಿಸುವ ವಿಶ್ವವಿದ್ಯಾಲಯದ ದಾಖಲೆ. ಹೆಚ್ಚಿನ ಸಂಸ್ಥೆಗಳಿಗೆ ಇದು ವಿಶ್ವವಿದ್ಯಾಲಯದಿಂದ ನೇರವಾಗಿ, ಮುಚ್ಚಿದ ಲಕೋಟೆಯಲ್ಲೋ ಅವರು ಹೇಳಿದ ಆನ್‌ಲೈನ್ ದಾರಿಯಲ್ಲೋ ಹೋಗಬೇಕು. ನೀವು ಲಕೋಟೆ ಒಡೆದರೆ ಅದು ಮುಗಿಯಿತು. ಬೆಂಗಳೂರಿಗೆ ಹೋಗುವ ಮೊದಲು ಹೊರದೇಶದ ಸಂಸ್ಥೆಯ ವಿಳಾಸ, ನಿಮ್ಮ ಅರ್ಜಿ ಸಂಖ್ಯೆ, ಅವರ ಫಾರಂ ಎಲ್ಲ ಕೈಯಲ್ಲಿರಲಿ. ಎರಡು ಮೂರು ಪ್ರತಿ ಒಟ್ಟಿಗೆ ಕೇಳಿ.

ಅಪೊಸ್ಟಿಲ್ ಅಂದರೆ ದಾಖಲೆ ಅಸಲಿ ಅಂತ ಸರ್ಕಾರ ಒತ್ತುವ, ಒಪ್ಪಂದದ ದೇಶಗಳೆಲ್ಲ ಒಪ್ಪುವ ಮುದ್ರೆ. ಅದು ಎಲ್ಲದಕ್ಕೂ ಬೇಕಾಗಿಲ್ಲ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಒಮಾನ್, ಬಹರೇನ್, ಸೌದಿ ಕೂಡ ಇವೆ. ಕೆನಡಾದಲ್ಲಿ ಅದು 2024ರ ಜನವರಿಯಿಂದ ಜಾರಿಯಲ್ಲಿದೆ. ಯುಎಇ, ಕತಾರ್ ಇದರಲ್ಲಿಲ್ಲ. ಅಲ್ಲಿಗೆ ಹೋಗುವ ಪದವಿಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ದೃಢೀಕರಣ ಆದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಮೂಲ ಪದವಿಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಮುದ್ರೆ ಒತ್ತಲು ಆಗುವುದಿಲ್ಲ.

ಏಜೆಂಟರ ಬಗ್ಗೆ

ಮೇಲೆ ಹೇಳಿದ ಪ್ರತಿ ಸಂಸ್ಥೆಗೂ ನೀವೇ ಅರ್ಜಿ ಹಾಕಬಹುದು. ಅಡಿಕೆ ತೋಟದ ಮೇಲೆ ಸಾಲ ತೆಗೆದು ಏಜೆಂಟರ ಕೈಗೆ ಕೊಟ್ಟ ಮನೆಗಳನ್ನು ನೋಡಿ ನನಗೆ ಸಂಕಟ ಆಗಿದೆ. ಫಾರಂ ತುಂಬಲು ಸಹಾಯ ಬೇಕಾದರೆ ತಗೊಳ್ಳಿ, ತಪ್ಪೇನಿಲ್ಲ. ಆದರೆ ಇಮೇಲ್ ಐಡಿ, ಪಾಸ್‌ವರ್ಡ್ ನಿಮ್ಮದೇ ಇರಲಿ. ಫೀಸು ನಿಮ್ಮ ಕಾರ್ಡಿನಿಂದ ನೇರ ಆ ಸಂಸ್ಥೆಗೆ ಹೋಗಲಿ. ಮೂಲ ಸರ್ಟಿಫಿಕೇಟ್ ಯಾರ ಹತ್ತಿರವೂ ಬಿಡಬೇಡಿ. "ಪರೀಕ್ಷೆ ಇಲ್ಲದೆ ಲೈಸೆನ್ಸ್ ಕೊಡಿಸ್ತೀನಿ" ಅಂದವರ ಆಫೀಸಿನಿಂದ ಎದ್ದು ಬನ್ನಿ.

ಸಂದೇಹ ಇದ್ದರೆ ಆ ಸಂಸ್ಥೆಗೇ ಬರೆಯಿರಿ. ನಾಲ್ಕು ಸಾಲು ಸಾಕು: ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್, ಎಷ್ಟು ವರ್ಷ, ಯಾವ ವರ್ಷ ಪಾಸಾದದ್ದು, ಈ ಪದವಿಯ ಮೇಲೆ ಅರ್ಜಿ ಹಾಕಬಹುದಾ. ಬಂದ ಉತ್ತರವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಸೀನಿಯರ್ ಹೇಳಿದ್ದು ಅವರ ಬ್ಯಾಚಿಗೆ ಸರಿ ಇತ್ತು ಅಷ್ಟೆ.

ಹೊರದೇಶದಲ್ಲೇ ಫಾರ್ಮಸಿ ಓದಿ ಊರಿಗೆ ಬರುವ ಯೋಚನೆ ಇರುವವರು ತಿರುಗಿಸಿ ನೋಡಬೇಕು. ಅಂಥ ಪದವಿಗಳನ್ನು ಪಿಸಿಐ ಫಾರ್ಮಸಿ ಕಾಯ್ದೆಯ 14ನೇ ಸೆಕ್ಷನ್ ಅಡಿ ನೋಡುತ್ತದೆ. ಆ ಒಪ್ಪಿಗೆ ಇಲ್ಲದ ಪದವಿ ತಂದರೆ ಇಲ್ಲಿ ಫಾರ್ಮಸಿಸ್ಟ್ ನೋಂದಣಿ ಸಿಗುವುದಿಲ್ಲ. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಪಿಸಿಐಗೆ ಬರೆದು ಕೇಳಿ.

ಮತ್ತೆ ಹೊರಟು ಹೋದವರಿಗೂ ಒಂದು ಕೆಲಸ ಉಳಿಯುತ್ತದೆ. ಕರ್ನಾಟಕದ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುತ್ತಿರಿ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಗುಡ್ ಸ್ಟ್ಯಾಂಡಿಂಗ್ ಪತ್ರ ಕೇಳುತ್ತಾರೆ, ಅವಧಿ ಮುಗಿದ ನೋಂದಣಿಯ ಮೇಲೆ ಅದು ಸಿಗುವುದು ಕಷ್ಟ. ನವೀಕರಣದ ತಾರೀಖನ್ನು ಮನೆಯಲ್ಲಿ ಅಪ್ಪನಿಗೋ ತಮ್ಮನಿಗೋ ಬರೆದು ಕೊಟ್ಟು ಹೋಗಿ.